ಮೂವತ್ತೊಂದನೆಯ ನಂಬರಿನವರ ಮುಖದ ಮೇಲೊಂದು ದೂರು

ಮಾನ್ಯ ನೆವಿಲ್ ಟ್ರೆಗಿಯರ್ ಅವರೇ,

ತಾವೂ ತಮ್ಮ ಕುರಿಗಳೂ ಕ್ಷೇಮವಾಗಿರಲೆಂದು ಹಾರೈಸುತ್ತಾ, ತಮ್ಮ ಮುಖದ ಬಗ್ಗೆ ನನ್ನದೊಂದು ದೂರನ್ನು ಊರಿನ ಪತ್ರಿಕೆಯ ಮೂಲಕ ವಿನಯದಿಂದ ಸಲ್ಲಿಸುತ್ತಿದ್ದೇನೆ.

ನೆರೆಯವರ ಹದಿನಾಲ್ಕು ಕುರಿಗಳು ನಮ್ಮ ಹೊಲದಲ್ಲಿ ಸಿಕ್ಕವೆಂದು ನನ್ನ ತಮ್ಮ ಕ್ಲೈವ್ ಕುರಿಗಳ್ಳತನದ ಆರೋಪ ಹೊತ್ತು ಕೋರ್ಟಿನಲ್ಲಿ ನಿಂತಿದ್ದು ತಮಗೆ ನೆನಪಿರಬಹುದು. ಒಮ್ಮತದಿಂದ ತೀರ್ಪು ಹೇಳಬೇಕಾದ ಹನ್ನೆರಡು ಜನರ ಜ್ಯೂರಿಗೆ ಕರೆ ಬಂದವರಲ್ಲಿ ತಾವು ಮೂವತ್ತೊಂದನೆಯ ನಂಬರು. ಹೆಸರಿಲ್ಲ, ಕಸುಬಿಲ್ಲ, ಮುಖ ಮಾತ್ರ. ಕಾರಣ ಹೇಳದೆ ಮೂವರನ್ನು ಬೇಡವೆನ್ನುವ ಹಕ್ಕು ನಮಗಿತ್ತು, ಆದರೆ ತಾವು ಕುರ್ಚಿ ಮುಟ್ಟುವಷ್ಟರಲ್ಲಿ ಹೇಳಿಬಿಡಬೇಕಿತ್ತು. ಧೂಳು ಹಿಡಿದ ಬೂಟು, ಕೈಯಲ್ಲಿ ಅಗಲವಾದ ಹ್ಯಾಟು, ಹರಳೆಣ್ಣೆ ಕುಡಿದ ಮುಖ. ಹಿಂದಿನ ಸಾಲಿನಿಂದ ಬಗ್ಗಿ ವಕೀಲರ ಕಿವಿಯಲ್ಲಿ ನಾನೇ, "ಅಯ್ಯೋ, ಇವ್ರು ಕುರಿ ಸಾಕೋರು ಕಣ್ರೀ, ನಮ್ಮ ಕ್ಲೈವ್‌ನ ಹಸಿಯಾಗೇ ತಿಂದುಬಿಡ್ತಾರೆ, ಕಳಿಸ್ರೀ ಮೊದ್ಲು!" ಎಂದೆ. ತಮ್ಮ ಬದಲು ಬಂದು ಕೂತ ಹೆಂಗಸು ಕ್ಲೈವ್‌ನತ್ತ ನೋಡಿ ನಕ್ಕರು. ನಮಗೆ ಆಗಲೇ ಗೆದ್ದಷ್ಟು ಸಂತೋಷ.

ಆ ಹನ್ನೆರಡು ಜನರನ್ನು ಎಷ್ಟು ಹೊಗಳಿದರೂ ಸಾಲದು. ನಾಲ್ಕು ದಿನ ತೂಕಡಿಸದೆ ಕೇಳಿದರು, ಹಾಳೆ ತುಂಬ ಬರೆದುಕೊಂಡರು. ಕುರಿಯನ್ನು ಊಟದ ತಟ್ಟೆಯ ಹೊರಗೆ ಕಂಡವರು ಅವರಲ್ಲಿ ಇದ್ದಂತಿರಲಿಲ್ಲ, ಅದು ಅವರ ತಪ್ಪಲ್ಲ. ಸರ್ಕಾರಿ ವಕೀಲರು, "ಹದಿನಾಲ್ಕೂ ತಾವಾಗೇ ಬೇಲಿ ದಾಟಿ ಬಂದ್ವಾ?" ಎಂದು ಕೇಳಿದಾಗ ಅವರಿಗೂ ನಗು ಬಂತು. ಕ್ಲೈವ್‌ಗೆ ಒಂಬತ್ತು ತಿಂಗಳು ಜೈಲಾಯಿತು.

ಮೊನ್ನೆ ಶುಕ್ರವಾರ ಪಬ್ಬಿನಲ್ಲಿ ಮಾಂಸವನ್ನೇ ಬಹುಮಾನವಾಗಿ ಇಡುವ ಲಾಟರಿಯಲ್ಲಿ ಗೆದ್ದ ತಟ್ಟೆಯನ್ನು ಹಿಡಿದುಕೊಂಡು ತಾವು ಏನೆಂದಿರಿ? "ಆಚೆ ಹಸಿರು ಕಂಡ್ರೆ ಕುರಿ ಬೇಲೀನ ಕೇಳ್ಕೊಂಡು ಹೋಗುತ್ತೇನ್ರೀ? ಒಂದು ನುಗ್ಗಿದ್ರೆ ಎಲ್ಲಾ ನುಗ್ತಾವೆ. ನಾನಿದ್ದಿದ್ರೆ ಒಪ್ತಾನೇ ಇರ್ಲಿಲ್ಲ!" ಇಷ್ಟು ಒಳ್ಳೆಯ ಮಾತನ್ನು ಒಳಗಿಟ್ಟುಕೊಂಡ ತಾವು ಅದರ ಸುಳಿವನ್ನು ಮುಖದ ಯಾವುದಾದರೂ ಮೂಲೆಯಲ್ಲಿ ತೋರಿಸಬಾರದಿತ್ತೇ?

ಆದ್ದರಿಂದ, ಮರುವಿಚಾರಣೆ ಏನಾದರೂ ಆದರೆ, ಇನ್ನೂ ಹನ್ನೊಂದು ಟ್ರೆಗಿಯರ್‌ಗಳನ್ನು ಕೂಡಿಸಿಕೊಂಡು, ಹನ್ನೆರಡೂ ಜನ ನಗುನಗುತ್ತಾ ಬರಬೇಕೆಂದು ಪ್ರಾರ್ಥನೆ. ಅಪರಿಚಿತರು ಮುಖ ನೋಡಿ ತೀರ್ಪು ಕೊಟ್ಟಾರೆಂದು ಹೆದರಿದವಳು, ತಾವು ನಾಲ್ಕು ಹೆಜ್ಜೆ ಇಡುವುದರೊಳಗೆ ತಮ್ಮ ಮೇಲೆ ತೀರ್ಪು ಕೊಟ್ಟುಬಿಟ್ಟೆ. ತಪ್ಪು ಮಾಡಿದವಳು ನಾನು, ಒಳಗಿರುವವನು ಕ್ಲೈವ್. ನನಗೆ ನಾಚಿಕೆಯಾಗುತ್ತದೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ಡೋರೀನ್ ಪಿಕೆಟ್

ಮರೆತಿದ್ದೆ: ಇವತ್ತು ಬೆಳಿಗ್ಗೆಯಿಂದ ನೆರೆಯವರ ಆರು ಕುರಿಗಳು ಮತ್ತೆ ನಮ್ಮ ಹೊಲದಲ್ಲಿ ಮೇಯುತ್ತಿವೆ. ಅವು ತಾವಾಗಿ ಬರುವುದಿಲ್ಲವೆಂದು ಹನ್ನೆರಡು ಜನ ಒಮ್ಮತದಿಂದ ಹೇಳಿಯಾಗಿದೆ, ಕ್ಲೈವ್ ಜೈಲಿನಲ್ಲಿದ್ದಾನೆ. ಪೊಲೀಸರಿಗೆ ಫೋನ್ ಮಾಡಲು ಧೈರ್ಯ ಬರುತ್ತಿಲ್ಲ. ಮನೆಯಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.