ಹಾಡಲ್ಲದ ಸದ್ದು

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಗೋವಿಂದಯ್ಯನ ಫೋನು ಟಿಂಗ್ ಎಂದಿತು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಓಡಿಬಂದು ನೋಡಿದ. ‘ದಿನಕ್ಕೊಂದು ಪ್ಲೇಟು’ ಗುಂಪಿನಲ್ಲಿ ಅಡ್ಮಿನ್ ಮಲ್ಲಿಕಾರ್ಜುನಸ್ವಾಮಿ ಅಂದಿನ ವಿಷಯ ಹಾಕಿದ್ದರು.

‘ಇಂದಿನ ವಿಷಯ: ಹಾಡಲ್ಲದ ಸದ್ದು. ನಿಮ್ಮ ರೆಕಾರ್ಡಿನೊಳಗೆ ಹಾಡೂ ಅಲ್ಲದ, ವಾದ್ಯವೂ ಅಲ್ಲದ ಸದ್ದೇನಾದರೂ ಸಿಕ್ಕಿಕೊಂಡಿದೆಯೇ? ಕೆಮ್ಮು, ಕುರ್ಚಿ, ಕಾಗೆ, ಯಾವುದಾದರೂ ಸರಿ. ದೀಪ ಹಚ್ಚುವ ಹೊತ್ತಿನೊಳಗೆ ಕೇಳಿಸಿ.’

ಅದರ ಕೆಳಗೇ ಇನ್ನೊಂದಿತ್ತು. ‘ಗೋವಿಂದಯ್ಯನವರ ಗಮನಕ್ಕೆ. ನಿನ್ನೆ ನಿಮ್ಮ ಕ್ಲಿಪ್ಪಿನಲ್ಲಿ ಶಹನಾಯಿಗಿಂತ ಹಿಟ್ಟಿನ ಮಿಲ್ಲೇ ಚೆನ್ನಾಗಿ ಕೇಳಿಸಿತು. ಇನ್ನೊಮ್ಮೆ ಹೀಗಾದರೆ ಗುಂಪಿನಿಂದ ತೆಗೆಯಬೇಕಾಗುತ್ತದೆ. ಬೇಸರ ಬೇಡ.’

ಗೋವಿಂದಯ್ಯ ನೊರೆಯನ್ನು ನುಂಗಿಬಿಟ್ಟ.

ಆ ಗುಂಪಿನಲ್ಲಿದ್ದವರೆಲ್ಲ ಹಳೇ ಗ್ರಾಮಫೋನ್ ಪ್ಲೇಟುಗಳ ಹುಚ್ಚಿನವರು. ದಿನಾ ಬೆಳಿಗ್ಗೆ ಒಂದು ವಿಷಯ ಬರುತ್ತಿತ್ತು. ಪ್ರತಿಯೊಬ್ಬರೂ ತಮ್ಮ ರಾಶಿಯಿಂದ ಅದಕ್ಕೆ ಹೊಂದುವ ಪ್ಲೇಟು ಹುಡುಕಿ, ಒಂದು ಚೂರು ನುಡಿಸಿ, ಫೋನಿನಲ್ಲಿ ಹಿಡಿದು ಹಾಕಬೇಕು. ಅಡ್ಮಿನ್ ಇದ್ದದ್ದು ಯಳಂದೂರಿನಲ್ಲಿ. ಗೋವಿಂದಯ್ಯನ ಊರು ಕೊಳ್ಳೇಗಾಲದಿಂದ ಬಸ್ಸು ಹತ್ತಿದರೆ ಒಂದು ತೂಕಡಿಕೆಯೂ ಮುಗಿಯದ ದೂರ. ಹನೂರಿನ ಕೋಮಲ ಟೀಚರ್ ಎಂಬುವರೂ ಇದ್ದರು. ಗೋವಿಂದಯ್ಯ ಯಾರ ಮುಖವನ್ನೂ ನೋಡಿದವನಲ್ಲ. ಆದರೂ ‘ಗೋವಿಂದಯ್ಯನವರೇ’ ಎಂದು ದಿನಾ ಮಾತಾಡಿಸುತ್ತಿದ್ದವರು ಈ ಲೋಕದಲ್ಲಿ ಅವರಷ್ಟೇ. ಹೆಂಡತಿ ಚೌಡೇಶ್ವರಿ ತೀರಿಕೊಂಡ ಮೇಲೆ ಅವನ ಬಾಯಿಂದ ದಿನಕ್ಕೆ ಹೊರಡುತ್ತಿದ್ದ ಮಾತು ಎರಡೇ: ಹಾಲಿನವನಿಗೆ ‘ಅರ್ಧ ಲೀಟ್ರು’, ಪಕ್ಕದ ಮನೆಗೆ ‘ಕರೆಂಟು ಬಂತಾ?’ ಮಕ್ಕಳಿರಲಿಲ್ಲ. ರೇಷ್ಮೆ ಸೀರೆ ನೇಯುತ್ತಿದ್ದ ಮಗ್ಗವನ್ನೂ ಮಾರಿ, ಮಗ್ಗದ ಗುಂಡಿಗೆ ಹಲಗೆ ಮುಚ್ಚಿ, ಅದರ ಮೇಲೆ ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡಿದ್ದ.

ಇವತ್ತಿನ ವಿಷಯಕ್ಕೆ ಅವನ ಹತ್ತಿರ ಇದ್ದಂಥ ಪ್ಲೇಟು ಇನ್ಯಾರ ಹತ್ತಿರವೂ ಇರಲು ಸಾಧ್ಯವಿರಲಿಲ್ಲ. ಯಾರೋ ಹೆಂಗಸೊಬ್ಬರು ನುಡಿಸಿದ ವೀಣೆ. ಅವನು ಮಗ್ಗದಲ್ಲಿ ಕುಳಿತಿರುವಾಗ ಅವನ ಹಿಂದೆ ಚೌಡೇಶ್ವರಿ ಕಂಡಿಕೆಗೆ ನೂಲು ಸುತ್ತುತ್ತ ಅದನ್ನು ಹಾಕುತ್ತಿದ್ದಳು. ವೀಣೆ ಮುಗಿಯುವಾಗ ಅವನೂ ಲಾಳಿ ನಿಲ್ಲಿಸಿ ಕೇಳುತ್ತಿದ್ದ. ಕೊನೆಯ ತಂತಿ ಅಡಗಿದ ಮೇಲೆ ಒಂದು ಸಣ್ಣ ಸದ್ದು ಬರುತ್ತಿತ್ತು: ‘ಕಿಣ್’. ಒಂದು ದಿನ, “ಅದೇನೇ ಅದು?” ಎಂದು ಕೇಳಿದ್ದ. “ವೀಣೆ ನುಡ್ಸೋ ಅವ್ವನ ಬಳೆ ಕಣ್ರಿ,” ಎಂದು ಅವಳು ನಕ್ಕಿದ್ದಳು. ಅವಳು ಹೋದ ಮೇಲೆ ಆ ಪ್ಲೇಟನ್ನು ಅವನು ಹೊರಗೆ ತೆಗೆದಿರಲಿಲ್ಲ.

ಇವತ್ತು ತೆಗೆದ. ಪಂಚೆಯ ಅಂಚಿನಿಂದ ದೂಳು ಒರೆಸಿ, ಮುಳ್ಳು ಇಟ್ಟ. ಎಡಗಡೆ ಗೋಡೆಯಾಚೆ ತೇಜಸನ ಪವರ್‌ಲೂಮು ಕಟಕಟ ಎಂದು ಹಲ್ಲು ಕಡಿಯಿತು. ಬಲಗಡೆ ಗೋಡೆಯಾಚೆ ಸಿದ್ದಮಲ್ಲಪ್ಪನ ಹಿಟ್ಟಿನ ಮಿಲ್ಲು ಘಾಟಿ ಹತ್ತುವ ಲಾರಿಯಂತೆ ಗೊರಗುಟ್ಟಿತು. ಫೋನಿನಲ್ಲಿ ಕೇಳಿ ನೋಡಿದರೆ ಯಾರೋ ವೀಣೆಯನ್ನೇ ಮಿಲ್ಲಿಗೆ ಹಾಕಿ ಬೀಸಿದ ಹಾಗಿತ್ತು. ಕಿಟಕಿಗೆ ಕಂಬಳಿ ಕಟ್ಟಿ ಇನ್ನೊಮ್ಮೆ ಹಾಕಿದ. ಅರ್ಧಕ್ಕೆ ಬರುವಷ್ಟರಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಿದ್ದ ಗುಂಪೊಂದು ಅವನ ಬಾಗಿಲ ಮುಂದೆಯೇ ನಿಂತು, “ಉಘೇ ಮಾದಪ್ಪ ಉಘೇ!” ಎಂದು ಕೂಗಿ, ಕುಡಿಯಲು ನೀರು ಕೇಳಿತು. ಮಾದಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. ನೀರು ಕೊಟ್ಟ.

ಮಧ್ಯಾಹ್ನ ಇದ್ದಕ್ಕಿದ್ದಂತೆ ಬೀದಿಯೆಲ್ಲ ಸುಮ್ಮನಾಯಿತು. ಮಿಲ್ಲು ನಿಂತಿತು, ಲೂಮು ನಿಂತಿತು, ಎದುರು ಮನೆಯ ಮಿಕ್ಸಿಯೂ ನಿಂತಿತು. ಉಣ್ಣುತ್ತಿದ್ದ ಗೋವಿಂದಯ್ಯ ಎಂಜಲುಗೈಯಲ್ಲೇ ಎದ್ದು ಓಡಿದ. ಕೈ ತೊಳೆದು, ಫೋನು ಹಿಡಿದು, ಮುಳ್ಳು ಇಟ್ಟು ಉಸಿರು ಬಿಗಿಹಿಡಿದ. ಪ್ಲೇಟು ತಿರುಗಲಿಲ್ಲ. ಸ್ವಿಚ್ಚು ಒತ್ತಿದ, ಪ್ಲಗ್ಗು ಅಲ್ಲಾಡಿಸಿದ, ಪೆಟ್ಟಿಗೆಯ ತಲೆ ತಟ್ಟಿದ. ಆಮೇಲೆ ಹೊಳೆಯಿತು: ಹೋಗಿದ್ದದ್ದು ಕರೆಂಟು.

ಕರೆಂಟು ಬಂತು. ಮಿಲ್ಲೂ ಬಂತು.

ಇನ್ನು ಬೇಡಿಕೊಳ್ಳುವುದೊಂದೇ ದಾರಿ. ತೇಜಸನ ಹತ್ತಿರ ಹೋದ. “ಮಗಾ, ಸಂಜೆ ಒಂದೀಟೊತ್ತು ಲೂಮು ನಿಲ್ಸಪ್ಪ.”

“ಆಗಾಕಿಲ್ಲ ದೊಡ್ಡಪ್ಪ. ಮದ್ವೆ ಸೀರೆ, ನಾಳೀಕೆ ಕೊಡ್ಬೇಕು. ಯಾಕೆ, ಉಸಾರಿಲ್ವಾ?”

“ಉಸಾರಾಗೇ ಇವ್ನಿ.”

“ಮತ್ಯಾಕೆ ನಿಲ್ಸಾದು?” ಎಂದು ತೇಜಸ ಮತ್ತೆ ಲೂಮಿಗೆ ತಿರುಗಿಕೊಂಡ. ಸಿದ್ದಮಲ್ಲಪ್ಪನೂ ಮಿಲ್ಲಿನ ಬಾಗಿಲಲ್ಲೇ ನಿಂತು, “ಜನ ರಾಗಿ ತಕಂಡು ಸಾಲಾಗಿ ನಿಂತವ್ರೆ, ನೀವು ಸಂಗೀತ ಅಂತೀರಲ್ಲ ಸಾ,” ಎಂದು ಕಳಿಸಿಬಿಟ್ಟ.

ತಲೆ ತಗ್ಗಿಸಿಕೊಂಡು ಬರುತ್ತಿದ್ದವನನ್ನು ಎದುರು ಮನೆಯ ಶಿವರತ್ನಮ್ಮ ಹಿಡಿದುಕೊಂಡಳು. ಆ ಬೀದಿಯಲ್ಲಿ ಅವಳಿಗೆ ತಿಳಿಯದೆ ಹಾಲು ಉಕ್ಕುತ್ತಿರಲಿಲ್ಲ.

“ಏನ್ ಗೋವಿಂದಣ್ಣ, ಮನೆಮನೆ ತಿರುಗ್ತಾ ಇವ್ರಿ? ಎಲೆಕ್ಸನ್ನಿಗೆ ನಿಂತ್ಕಂಡ್ರಾ?”

“ಏನಿಲ್ಲ ಕಣವ್ವ. ಸಂಜೆ ಒಸಿ ಒತ್ತು ಎಲ್ರೂ ಸುಮ್ಕಿದ್ರೆ ಸಾಕಾಗಿತ್ತು. ಒಂದು ಸದ್ದು ಕೇಳುಸ್ಕಬೇಕು.”

“ಏನ್ ಸದ್ದು?”

ಹೇಳದೆ ಬಿಡುವ ಹೆಂಗಸಲ್ಲ. “ಬಳೆ ಸದ್ದು,” ಎಂದ.

ಶಿವರತ್ನಮ್ಮನ ಕೈಯಲ್ಲಿದ್ದ ಮೊರ ಓರೆಯಾಗಿ ಅಕ್ಕಿ ಚೆಲ್ಲಿತು. “ಬಳೆ ಸದ್ದಾ? ನಿಮ್ಮನೇಲಾ?”

“ಊಂ. ನಮ್ಮ ಚೌಡಿ ಇದ್ದಾಗ ದಿನಾ ಕೇಳ್ತಿತ್ತು. ಅವ್ಳು ಓದ್ಮೇಲೆ ನಾನು ಕೇಳೇ ಇಲ್ಲ. ಇವತ್ತು ದೀಪ ಅಚ್ಚೋ ಒಳ್ಗೆ ಇನ್ನೊಂದ್ಸಲ ಕೇಳಿ, ಪೋನಲ್ಲಿ ಇಡ್ಕಬೇಕು. ಈ ಗಲಾಟೇಲಿ ಎಂಗೆ ಕೇಳ್ತದೆ, ನೀನೇ ಯೋಳು.”

ಪ್ಲೇಟಿನ ಸುದ್ದಿಯನ್ನೇ ತಾನು ಹೇಳಲಿಲ್ಲ ಎಂಬುದು ಗೋವಿಂದಯ್ಯನಿಗೆ ಮನೆ ಸೇರಿದ ಮೇಲೂ ಹೊಳೆಯಲಿಲ್ಲ. ಅಷ್ಟು ಹೊತ್ತಿಗೆ ಮಾತು ನೀರಿನ ನಲ್ಲಿ ದಾಟಿ, ಮಿಲ್ಲಿನ ಸಾಲು ದಾಟಿ, ಬೀದಿಯ ಆ ತುದಿಗೆ ಹೋಗಿಯಾಗಿತ್ತು.

ಬೀದಿ ಎರಡು ಪಕ್ಷವಾಯಿತು. ಶಿವರತ್ನಮ್ಮನ ಪಕ್ಷದ ಪ್ರಕಾರ ಚೌಡೇಶ್ವರಿ ಸಂಜೆ ಬರುವವಳಿದ್ದಳು. ಸಿದ್ದಮಲ್ಲಪ್ಪ ಒಪ್ಪಲಿಲ್ಲ. “ಸತ್ತೋರ ಬಳೆ ಸದ್ದು ಮಾಡಾಕಿಲ್ಲ ಕಣ್ರಲಾ. ಒಳ್ಗೆ ಯಾವಳನ್ನೋ ತಂದು ಮಡಿಕಂಡವನೆ. ಅದ್ಕೇ ಕಿಟ್ಕಿಗೆ ಕಂಬ್ಳಿ ಕಟ್ಟಿರಾದು.” ಎರಡು ಪಕ್ಷವೂ ಒಪ್ಪಿದ ಮಾತು ಒಂದೇ: ಸಂಜೆ ಹೋಗಿ ನೋಡಬೇಕು.

ಹೊತ್ತು ಇಳಿಯುವಾಗ ಮಿಲ್ಲು ತಾನಾಗಿಯೇ ನಿಂತಿತು. ಲೂಮೂ ನಿಂತಿತು. ಈ ಸಲ ಗೋವಿಂದಯ್ಯ ಮೊದಲು ದೀಪದ ಸ್ವಿಚ್ಚು ಒತ್ತಿ ನೋಡಿದ. ಕರೆಂಟಿತ್ತು. ಬಾಗಿಲು ತೆಗೆದರೆ ಬೀದಿಗೆ ಬೀದಿಯೇ ಅಂಗಳದಲ್ಲಿ ನಿಂತಿದೆ. ಹೆಂಗಸರು ಮಿಂದು ಕುಂಕುಮ ಇಟ್ಟುಕೊಂಡು ಬಂದಿದ್ದರು. ಯಾರದೋ ಕೈಯಲ್ಲಿ ಬೇವಿನ ಸೊಪ್ಪು, ಯಾರದೋ ಕೈಯಲ್ಲಿ ಕರ್ಪೂರ. ಕಿವಿ ಮಂದವಾಗಿದ್ದ ಮುದುಕಿ ಚೆಲುವಮ್ಮನನ್ನೂ ತೇಜಸ ತೋಳು ಹಿಡಿದು ಕರೆತಂದಿದ್ದ.

“ಎಲ್ರೂ ಕೇಳಾಕೆ ಬಂದ್ರಾ?” ಎಂದ ಗೋವಿಂದಯ್ಯ. ಚೌಡೇಶ್ವರಿಯ ತಿಥಿಯಾದ ಮೇಲೆ ಆ ಹೊಸಿಲನ್ನು ದಾಟಿ ಯಾರೂ ಬಂದಿರಲಿಲ್ಲ. ಓಡಾಡಿ ಚಾಪೆ ಹಾಸಿದ. ಮಂಚದ ಕೆಳಗಿನ ಚಾಪೆ ಎಳೆಯಲು ಹೋದರೆ ಅಲ್ಲಿ ಸಿದ್ದಮಲ್ಲಪ್ಪ ಬಗ್ಗಿ ಹುಡುಕುತ್ತಿದ್ದ.

“ಏನ್ ಬೇಕಾಗಿತ್ತಪ್ಪ?”

“ಏನಿಲ್ಲ, ಬೆಕ್ಕು ಓಯ್ತು,” ಎಂದು ಅವನು ಮಂಡಿ ಕೊಡವಿಕೊಂಡು ಅಡುಗೆಮನೆಯ ಕಡೆ ನಡೆದ.

ಗೋವಿಂದಯ್ಯ ವೀಣೆಯ ಪ್ಲೇಟು ಹಾಕಿದ. “ಚೌಡೀನ ಕರಿಯಾಕೆ ವೀಣೆ ಆಕ್ತಾವ್ರೆ,” ಎಂದು ಶಿವರತ್ನಮ್ಮ ಪಿಸುಗುಟ್ಟಿದಳು. ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಗೋವಿಂದಯ್ಯ ಫೋನು ಹಿಡಿದು ಸುತ್ತ ನೋಡಿದ. ಇಷ್ಟು ಜನ ತನ್ನ ಮನೆಯಲ್ಲಿ, ತಾನು ಹಾಕಿದ ಪ್ಲೇಟಿಗೆ ಉಸಿರು ಹಿಡಿದು ನಿಂತಿದ್ದಾರೆ! ಚೌಡಿ ಇದ್ದಿದ್ದರೆ ಎಲ್ಲರಿಗೂ ಕಾಫಿ ಕಾಯಿಸುತ್ತಿದ್ದಳು ಎಂದುಕೊಂಡ.

ವೀಣೆ ಕೊನೆಗೆ ಬಂತು. ತಂತಿಯ ನಾದ ಸಣ್ಣದಾಗುತ್ತ, ಸಣ್ಣದಾಗುತ್ತ ಅಡಗಿತು. ಹೆಂಗಸರು ಕೈಮುಗಿದರು.

‘ಕಿಣ್.’

ಗೋವಿಂದಯ್ಯ ತಟ್ಟನೆ ಫೋನಿನ ಗುಂಡಿ ಒತ್ತಿ ಕ್ಲಿಪ್ಪು ಮುಗಿಸಿದ. ಆ ಕ್ಷಣಕ್ಕೇ, ಜೋರಾಗಿ ಕೂಗಿದರೂ ಕೇಳಿಸದ ಚೆಲುವಮ್ಮ ಕಿರುಚಿದಳು: “ಬಂದ್ಲು ಕಣ್ರಪ್ಪೋ, ಚೌಡಿ ಬಂದ್ಲು!”

ಕೋಣೆ ಹೇಗೆ ಖಾಲಿಯಾಯಿತೋ ದೇವರೇ ಬಲ್ಲ. ಎಲ್ಲರಿಗಿಂತ ಮುಂದೆ ಓಡಿದವನು ದೆವ್ವವನ್ನು ನಂಬದ ಸಿದ್ದಮಲ್ಲಪ್ಪ. “ನಿಂತ್ಕಳ್ರಪ್ಪ! ಅದು ಪ್ಲೇಟಲ್ಲಿರೋ ಬಳೆ ಕಣ್ರೋ!” ಎಂದು ಗೋವಿಂದಯ್ಯ ಬಾಗಿಲಿಗೆ ಬಂದು ಕೂಗಿದ. ಬೀದಿಯ ಬಾಗಿಲುಗಳೆಲ್ಲ ಒಂದಾದ ಮೇಲೊಂದು ಮುಚ್ಚಿಕೊಂಡವು.

ಹೋಗಲಿ, ಕ್ಲಿಪ್ಪು ಸಿಕ್ಕಿತಲ್ಲ. ಹಾಕಿ ಕೇಳಿದ. ಬೆಳ್ಳಿಯ ಹನಿ ಬಿದ್ದ ಹಾಗೆ ಬಳೆ ಸ್ಪಷ್ಟವಾಗಿತ್ತು. ಗುಂಪಿಗೆ ಕಳಿಸಿ, ದೀಪ ಹಚ್ಚಿ, ಫೋನನ್ನು ಎದುರಿಗಿಟ್ಟುಕೊಂಡು ಕುಳಿತ.

ಕೋಮಲ ಟೀಚರ್ ಬರೆದರು: ‘ಗೋವಿಂದಯ್ಯನವರೇ, ಮೈ ಜುಮ್ಮೆಂದಿತು. ಎಷ್ಟು ಚೆಂದದ ಬಳೆ!’ ಇನ್ನೊಬ್ಬರು ಚಪ್ಪಾಳೆಯ ಚಿತ್ರ ಹಾಕಿದರು. ಗೋವಿಂದಯ್ಯ ಒಬ್ಬನೇ ನಕ್ಕ. ಏನು ಉತ್ತರ ಬರೆಯಲಿ ಎಂದು ಯೋಚಿಸುತ್ತಿರುವಾಗ ಅಡ್ಮಿನ್ ಬಂದರು.

‘ಇದೇ ರೆಕಾರ್ಡ್ ನನ್ನ ಬಳಿಯೂ ಇದೆ. ಈಗತಾನೆ ಹಾಕಿ ಕೇಳಿದೆ. ಇದರಲ್ಲಿ ಯಾವ ಬಳೆಯೂ ಇಲ್ಲ. ಗದ್ದಲವನ್ನಾದರೂ ಕ್ಷಮಿಸಬಹುದು, ಗೋವಿಂದಯ್ಯನವರೇ, ಮೋಸವನ್ನಲ್ಲ.’

ಗೋವಿಂದಯ್ಯ ‘ಸ್ವಾಮಿ, ನನ್ನ ಹೆಂಡತಿ’ ಎಂದು ಬರೆಯುವಷ್ಟರಲ್ಲಿ ಬರೆಯುವ ಜಾಗವೇ ಮಾಯವಾಯಿತು. ‘ನೀವು ಇನ್ನು ಈ ಗುಂಪಿನ ಸದಸ್ಯರಲ್ಲ’ ಎಂಬ ಸಾಲು ಮಾತ್ರ ಉಳಿಯಿತು.

ಅವನಿಗೆ ಕೆಟ್ಟ ಸಿಟ್ಟು ಬಂತು. ಬಳೆ ಇಲ್ಲವಂತೆ! ಆ ಮನುಷ್ಯನ ಪ್ಲೇಟೇ ಸವೆದಿರಬೇಕು. ಇನ್ನೊಂದು ಸಲ ಹಿಡಿದು, ನಾಳೆ ಬೆಳಗಿನ ಬಸ್ಸಿಗೇ ಯಳಂದೂರಿಗೆ ಹೋಗಿ ಅವರ ಕಿವಿಗೇ ಹಿಡಿಯುತ್ತೇನೆ ಎಂದುಕೊಂಡು ಮುಳ್ಳು ಇಟ್ಟ.

ಅಂಥ ನಿಶ್ಶಬ್ದ ಆ ಬೀದಿ ಕಂಡಿರಲಿಲ್ಲ. ತೇಜಸ ಮದುವೆಯ ಸೀರೆಯನ್ನು ಲೂಮಿನಲ್ಲೇ ಬಿಟ್ಟು ಬೀಗ ಹಾಕಿಕೊಂಡು ಹೋಗಿದ್ದ. ಮಿಲ್ಲು ಮುಚ್ಚಿತ್ತು. ಯಾರ ಮನೆಯಲ್ಲೂ ಟೀವಿಯಿಲ್ಲ, ಮಿಕ್ಸಿಯಿಲ್ಲ, ಮಕ್ಕಳ ಕೂಗಿಲ್ಲ. ಎದೆ ಬಡಿದುಕೊಳ್ಳುವುದು ತನಗೇ ಕೇಳುವ ಹಾಗೆ ಗೋವಿಂದಯ್ಯ ಕುಳಿತಿದ್ದ. ವೀಣೆ ಮುಗಿಯಿತು. ತಂತಿ ಅಡಗಿತು. ಅವನು ಕಿವಿಯನ್ನು ಪೆಟ್ಟಿಗೆಗೆ ಆನಿಸಿದ.

ಏನೂ ಬರಲಿಲ್ಲ. ಖಾಲಿ ಪ್ಲೇಟಿನ ಮೇಲೆ ಮುಳ್ಳು ಕರಕರ ಎಂದು ಸುತ್ತುತ್ತಲೇ ಇತ್ತು.

ಮತ್ತೊಮ್ಮೆ ಹಾಕಿದ. ಮತ್ತೆ ಅದೇ ಕರಕರ. ಹಾಗಾದರೆ ಸಂಜೆ ಕೇಳಿದ್ದು? ಅಷ್ಟು ಹೆಂಗಸರು ಒಟ್ಟಿಗೆ ಕೈಮುಗಿದರಲ್ಲ. ಅವರಲ್ಲಿ ಯಾರದೋ ಬಳೆ. ಅದು ಹೋಗಲಿ. ಇಷ್ಟು ವರ್ಷ ಕೇಳಿದ್ದು?

ಮುಳ್ಳು ಎತ್ತಲು ಗೋವಿಂದಯ್ಯ ಕೈ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು. ಮಗ್ಗದ ಗುಂಡಿಯಲ್ಲಿ ಕುಳಿತವನಿಗೆ ಬೆನ್ನ ಹಿಂದೆ ನಡೆಯುವುದು ಕಾಣುವುದಿಲ್ಲ. ವೀಣೆ ಮುಗಿದ ಕೂಡಲೇ ಕಂಡಿಕೆ ಕೆಳಗಿಟ್ಟು, ಬಳೆಯ ಕೈ ಚಾಚಿ ಮುಳ್ಳು ಎತ್ತುತ್ತಿದ್ದವಳು ಚೌಡೇಶ್ವರಿ.

ಅವನು ತನ್ನ ಬರಿಗೈಯನ್ನು ನೋಡಿದ. ಮೆಲ್ಲಗೆ ಮುಳ್ಳು ಎತ್ತಿದ. ಯಾವ ಸದ್ದೂ ಆಗಲಿಲ್ಲ.

ಎದುರು ಮನೆಯ ಕಿಟಕಿ ಒಂದು ಬೆರಳಿನಷ್ಟು ತೆರೆಯಿತು. ಶಿವರತ್ನಮ್ಮನ ದನಿ ಅಂಜುತ್ತಂಜುತ್ತ ಬೀದಿ ದಾಟಿ ಬಂತು.

“ಗೋವಿಂದಣ್ಣ... ವೀಣೆ ಕೇಳುಸ್ತು. ಮತ್ತೆ ಬಂದ್ರಾ?”

ಗೋವಿಂದಯ್ಯ ಪೆಟ್ಟಿಗೆಯ ಸ್ವಿಚ್ಚು ಆರಿಸಿದ.

“ಇಲ್ಲ ಕಣವ್ವ,” ಎಂದ. “ಬರ್ನಿಲ್ಲ.”

“ಸದ್ಯ, ಬುಡಿ!” ಎಂದು ಶಿವರತ್ನಮ್ಮ ಕಿಟಕಿ ಹಾಕಿಕೊಂಡಳು.