ಕೊಪ್ಪರಿಗೆ ಕಟ್ಟಿದ ಪಿಕಪ್

ಮುಂಬೈಯ ಕುರ್ಲಾದಲ್ಲಿ ಗಾಡಿಗಳ ಸಸ್ಪೆನ್ಷನ್ ಅಂಗಡಿ ಇಟ್ಟವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅಂಗಡಿ ಹೆಂಗಸಿನದ್ದಾದರೆ ಇನ್ನೂ ಬೇಗ ಬರುತ್ತದೆ.

ನಾನು ಉಡುಪಿ ಕಡೆಯವಳು. ಓದಿದ್ದು ನಾಲ್ಕನೇ ಕ್ಲಾಸು. ಮೊದಲು ಇದೇ ಗಲ್ಲಿಯಲ್ಲಿ ಗ್ಯಾರೇಜಿನವರಿಗೆ ತಿಂಡಿ ಊಟ ಮಾಡಿ ಹಾಕುತ್ತಿದ್ದೆ. ಇಡ್ಲಿ ಕಟ್ಟಿಕೊಡಲು ತಂದ ರದ್ದಿಯಲ್ಲಿ ಗಾಡಿಯ ಬಿಡಿಭಾಗಗಳ ಕ್ಯಾಟಲಾಗು ಸಿಗುತ್ತಿತ್ತು. ಹರಿಯುವ ಮೊದಲು ಓದುತ್ತಿದ್ದೆ. ನಾನು ಇಂಗ್ಲಿಷ್ ಕಲಿತದ್ದು ಹಾಗೆ. ಇವತ್ತಿಗೂ ಯಾರಾದರೂ ಇಂಗ್ಲಿಷಿನಲ್ಲಿ ಕ್ಷೇಮ ಕೇಳಿದರೆ ತಡವರಿಸುತ್ತೇನೆ. ಶಾಕ್ ಅಬ್ಸಾರ್ಬರಿನ ಒಳಗಿನ ಎಣ್ಣೆಯ ಬಗ್ಗೆ ಕೇಳಿದರೆ ಅರ್ಧ ಗಂಟೆ ನಿಲ್ಲಿಸುವುದಿಲ್ಲ.

ಇಲ್ಲಿ ಬರೆಯುತ್ತಿರುವುದು ಒಂದೇ ಗಾಡಿಯ ವಿಷಯ. ಒಂದು ವಾರದಲ್ಲಿ ಅದು ಎಷ್ಟು ಸಲ ನಗಿಸಿತು ಎಂದು ನೀವೇ ಎಣಿಸಿಕೊಳ್ಳಿ.

೧. ಫೈಲು ತಂದ ಸಾಹೇಬರು

ಸಾಹೇಬರು ಧಾರವಾಡದವರು, ಇರುವುದು ಬೊರಿವಲಿಯಲ್ಲಿ. ಬ್ಯಾಂಕಿನಿಂದ ನಿವೃತ್ತರಾದ ಮರುವಾರವೇ ಹೆಂಡತಿಗೆ ಹೇಳದೆ ಒಂದು ಪಿಕಪ್ ಕೊಂಡಿದ್ದರು. ಬೆಟ್ಟ ಹತ್ತುವ, ಹೊಳೆ ದಾಟುವ ಜಾತಿಯದು. ಅಂಗಡಿಗೆ ಬಂದವರು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಮಾಲಕರು ಎಲ್ಲಿದ್ದಾರ್ರೀ?" ಎಂದರು.

"ಇಲ್ಲೇ ಇದ್ದಾರಲ್ಲ" ಎಂದೆ.

ಸಾಹೇಬರು ಸುತ್ತ ನೋಡಿದರು. ಹೊರಗೆ ನನ್ನ ಹಳೆಯ ಮಿಸ್ತ್ರಿ ಕೂತಿದ್ದ, ಪಕ್ಕದಲ್ಲಿ ಗಲ್ಲಿಯ ಮೇಕೆ ನಿಂತಿತ್ತು. ಸ್ವಲ್ಪ ಯೋಚಿಸಿ ಮಿಸ್ತ್ರಿಗೆ ಕೈ ಮುಗಿದರು. ಮಿಸ್ತ್ರಿ ಬೀಡಿ ಹಿಡಿದ ಕೈಯನ್ನು ನನ್ನ ಕಡೆ ತೋರಿಸಿದ.

ಆಮೇಲೆ ಫೈಲು ಹೊರಬಂತು. ಮೂರು ಕಂಪನಿಗಳ ಲಾಂಗ್ ಟ್ರಾವೆಲ್ ಸಸ್ಪೆನ್ಷನ್ನಿನ ವಿವರ, ಸಾಲದ ಅರ್ಜಿಗೆ ಬರೆಯುವ ಹಾಗೆ ಒಂದೊಂದರ ಕೆಳಗೂ ಷರಾ. ಲಾಂಗ್ ಟ್ರಾವೆಲ್ ಅಂದರೆ ಬೇರೇನಲ್ಲ, ಚಕ್ರ ಮೇಲೆ ಕೆಳಗೆ ಹೆಚ್ಚು ದೂರ ಆಡುವುದು. ಗುಂಡಿಯಲ್ಲಿ ಚಕ್ರ ಇಳಿದು ಏರಬೇಕು, ಒಳಗೆ ಕೂತವರಿಗೆ ಗೊತ್ತಾಗಬಾರದು. ಸಾಹೇಬರು ಟಿಕ್ ಹಾಕಿದ್ದು ಮರಳುಗಾಡಿನ ರೇಸಿನವರು ಹಾಕಿಸುವ ದೊಡ್ಡ ಕಿಟ್ಟಿಗೆ.

"ಗಾಡಿ ಎಲ್ಲಿ ಓಡಿಸ್ತೀರಿ?" ಎಂದು ಕೇಳಿದೆ.

"ಸದ್ಯಕ್ಕ ಬೊರಿವಲಿಯಿಂದ ದಹಿಸರಿಗೆ. ಕಾಯಿಪಲ್ಯ ತರಲಿಕ್ಕೆ."

ನಾನು ಫೈಲು ಮುಚ್ಚಿದೆ. ಆಗ ನಿಜ ಹೊರಬಂತು. "ನಮ್ಮನಿಯಾಕಿ ಒಂದು ಷರತ್ತು ಹಾಕ್ಯಾಳ್ರೀ. ಐತವಾರ ನಮ್ಮ ಗಾಡಿ ಕ್ಲಬ್ಬಿನವರ ಜೋಡಿ ಗುಡ್ಡಕ್ಕ ಹೊಂಟೇವಿ. ಆಕಿನೂ ಬರ್ತಾಳ. ಸೊಂಟ ನೋಯದಂಗ ಹೋಗಿ ತಿರುಗಿ ಮನಿ ಮುಟ್ಟಿದ್ರ ಗಾಡಿ ಇರ್ತದ. ನೋವಾತಂದ್ರ ಸೋಮವಾರ ಮಾರಬೇಕು."

ಮನುಷ್ಯನ ಮುಖ ನೋಡಿದರೆ ಗಾಡಿಯಲ್ಲ, ಮಗುವನ್ನೇ ಯಾರಿಗೋ ಕೊಡಬೇಕಾಗಿದೆ ಅನ್ನುವ ಹಾಗಿತ್ತು. ನಾನು ಮತ್ತೆ ಫೈಲು ತೆರೆದೆ. "ಇಷ್ಟೆಲ್ಲ ಬರೆದಿದ್ದೀರಿ ಮಾರಾಯ್ರೆ, ನಿಮ್ಮ ಮನೆಯವರ ಎತ್ತರ ಎಷ್ಟು, ತೂಕ ಎಷ್ಟು ಅನ್ನುವುದೇ ಇಲ್ಲವಲ್ಲ?"

ಸಾಹೇಬರು ದನಿ ತಗ್ಗಿಸಿದರು. "ಎತ್ತರ ಹೇಳ್ತೀನ್ರೀ. ತೂಕ ಕೇಳೂ ಧೈರ್ಯ ಮೂವತ್ತು ವರ್ಷದಾಗ ಬಂದಿಲ್ಲ."

೨. ಗಂಟು ಹಾಕಿದ ದಾರ

ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು. ಅಕ್ಕ ಸಣ್ಣ ಆಳು, ನೇರ ನೋಟ. ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ ಗಾಡಿಯನ್ನು ಒಂದು ಸುತ್ತು ಹಾಕಿ, ಚಕ್ರಕ್ಕೆ ಕಾಲಿನಿಂದ ಒಮ್ಮೆ ತಟ್ಟಿದರು.

ನಾನು ವಿವರಿಸಿದೆ. ಆ ದೊಡ್ಡ ಕಿಟ್ ಹಾಕಿದರೆ ಚಕ್ರಗಳು ಎರಡೂ ಕಡೆ ಹೊರಗೆ ಬರುತ್ತವೆ, ಗಾಡಿ ಅಗಲವಾಗುತ್ತದೆ. "ನಿಮ್ಮ ಬಿಲ್ಡಿಂಗಿನ ಗೇಟು ಎಷ್ಟು ಅಗಲ ಉಂಟು?"

ಸಾಹೇಬರು ಫೈಲಿನ ಹಾಳೆ ತಿರುವತೊಡಗಿದರು. ಅಕ್ಕ ಪರ್ಸಿನಿಂದ ಒಂದು ದಾರದ ಉಂಡೆ ತೆಗೆದರು. ಅದಕ್ಕೆ ಎರಡು ಕಡೆ ಗಂಟು. "ಗಾಡಿ ಬಂದ ದಿನಾನ ಗೇಟ್ ಅಳದಿಟ್ಟೇನಿ. ಸಿಕ್ಕೊಂಡಿದ್ರ ಅವತ್ತ ಮಾರಸ್ತಿದ್ದೆ."

ದಾರ ಹಿಡಿದು ನೋಡಿದೆವು. ಕಿಟ್ ಹಾಕಿದರೆ ನಾಲ್ಕು ಬೆರಳು ಸಾಲುತ್ತಿರಲಿಲ್ಲ. ಸಾಹೇಬರು ಸೋಲುವ ಆಸಾಮಿಯಲ್ಲ. "ಗೇಟ್ ಅಗಲ ಮಾಡ್ಸೂಣು. ಸೊಸೈಟಿ ಸೆಕ್ರೆಟರಿಗೆ ಒಂದು ಅರ್ಜಿ ಬರದ್ರ ಆತು" ಎಂದರು.

"ಸೆಕ್ರೆಟರಿ ಒಪ್ಪುತ್ತಾರಾ?" ಎಂದೆ.

ಅಕ್ಕ ದಾರ ಸುತ್ತುತ್ತ ನನ್ನ ಕಡೆ ತಿರುಗಿದರು. "ಇಲ್ರೀ ಅಕ್ಕಾರ, ಒಪ್ಪೂದಿಲ್ಲ. ಸೆಕ್ರೆಟರಿ ನಾನ ಇದ್ದೇನಿ."

೩. ತುಳುಕದ ಸಾಂಬಾರು

ಕೊನೆಗೆ ನಾನೇ ಆರಿಸಿದೆ. ಮುಂದೆ ಮೆದು ಸ್ಪ್ರಿಂಗು, ನಾಲ್ಕೂ ಕಡೆ ಉದ್ದದ, ಬಿಗಿ ಹೆಚ್ಚು ಕಡಿಮೆ ಮಾಡಬಹುದಾದ ಶಾಕ್ ಅಬ್ಸಾರ್ಬರು. ಎತ್ತರ ಮಾತ್ರ ಅಕ್ಕ ಯಾರ ಕೈ ಹಿಡಿಯದೆ ಹತ್ತುವಷ್ಟೇ.

ಬಿಗಿ ಹೊಂದಿಸುವುದಕ್ಕೆ ಬೇರೆಯವರು ಏನೇನೋ ಯಂತ್ರ ಇಟ್ಟಿದ್ದಾರೆ. ನನ್ನ ಹತ್ತಿರ ಕೊಪ್ಪರಿಗೆ ಇದೆ. ಊಟ ಹಾಕುತ್ತಿದ್ದ ಕಾಲದ್ದು, ತುಂಬಿದರೆ ನಾಲ್ಕು ಜನ ಎತ್ತಬೇಕು. ಆಗ ಟೆಂಪೋದಲ್ಲಿ ಸಾಂಬಾರು ಸಾಗಿಸುವಾಗ ಯಾವ ಗಾಡಿ ತುಳುಕಿಸುತ್ತದೆ, ಯಾವುದು ತುಳುಕಿಸುವುದಿಲ್ಲ ಎಂದು ನೋಡಿ ನೋಡಿಯೇ ನಾನು ಈ ಕಸುಬು ಕಲಿತದ್ದು. ನೀರು ಹಾಕಿ ನೋಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನೀರು ಚೆಲ್ಲಿದರೆ ಒಣಗಿ ಹೋಗುತ್ತದೆ, ಸಾಂಬಾರು ಚೆಲ್ಲಿದರೆ ಸಾಕ್ಷಿ ಉಳಿಯುತ್ತದೆ.

ಗಾಡಿಯ ಹಿಂಭಾಗದಲ್ಲಿ ಸಾಂಬಾರು ತುಂಬಿದ ಕೊಪ್ಪರಿಗೆ ಕಟ್ಟಿದೆವು. ಸಾಹೇಬರು ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಅಕ್ಕ, ಹಿಂದಿನ ಸೀಟಿನಲ್ಲಿ ನಾನು. ಕುರ್ಲಾದ ರಸ್ತೆ ಇರುವಾಗ ಗುಂಡಿ ಹುಡುಕಬೇಕಾಗಿಲ್ಲ. ಮೊದಲ ಸುತ್ತಿನಲ್ಲಿ ಒಂದು ಸೌಟು ಚೆಲ್ಲಿತು. ಮಿಸ್ತ್ರಿ ಬಿಗಿ ಬದಲಿಸಿದ. ಎರಡನೇ ಸುತ್ತಿನಲ್ಲಿ ಒಂದು ಚಮಚ. ಮೂರನೇ ಸುತ್ತಿನಲ್ಲಿ ಒಂದು ಹನಿಯೂ ಇಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಲ್ಲಿಯವರೆಲ್ಲರಿಗೂ ಕೊಪ್ಪರಿಗೆಯ ಅಂಚು ತೋರಿಸಿದೆ.

ಅಕ್ಕ ಇಳಿದು ಸೊಂಟ ಒತ್ತಿ ನೋಡಿಕೊಂಡರು. ಮುಚ್ಚಳ ತೆಗೆದು ಒಂದು ಸೌಟು ಸಾಂಬಾರು ರುಚಿ ನೋಡಿದರು. "ಗಾಡಿ ಪಾಸ್. ಸಾಂಬಾರಕ್ಕ ಬೆಲ್ಲ ಹೆಚ್ಚಾಗೇದ."

ಸಸ್ಪೆನ್ಷನ್ ಬಗ್ಗೆ ಏನೇ ಹೇಳಿದರೂ ಕೇಳಿಸಿಕೊಳ್ಳುತ್ತೇನೆ. ಉಡುಪಿಯವಳ ಸಾಂಬಾರಿನ ಬೆಲ್ಲದ ವಿಷಯಕ್ಕೆ ಬಂದವರು ಅವರೇ ಮೊದಲು. ಗಿರಾಕಿ ಎಂದು ಮುಚ್ಚಳ ಮಾತ್ರ ಹಾಕಿದೆ.

೪. ಗಾಡಿಯ ಕೆಳಗೆ ನಾನು

ಶನಿವಾರ ಬೆಳಿಗ್ಗೆ ಅಕ್ಕನ ಫೋನು. "ಅಕ್ಕಾರ, ದಹಿಸರಿಗೆ ಹೋಗಿ ಬಂದ್ವಿ. ಮೂರು ಸಲ ನನ್ನ ತಲಿ ಛತ್ತಿಗೆ ಬಡೀತು."

"ಸಾಧ್ಯವೇ ಇಲ್ಲ. ಸಾಹೇಬರು ಓಡಿಸಿದ್ದೇ ಸರಿಯಾಗಿರಲಿಕ್ಕಿಲ್ಲ" ಎಂದೆ.

ಒಂದೂವರೆ ಗಂಟೆಯಲ್ಲಿ ಅಂಗಡಿಯ ಮುಂದೆ ಗಾಡಿ. ನಾನೇ ಹತ್ತಿ ಕೂತೆ. ಮೊದಲ ಗುಂಡಿಗೆ ನನ್ನ ಜಡೆಯ ಕ್ಲಿಪ್ಪು ಮುರಿಯಿತು.

ತಪ್ಪು ಆಗಲೇ ಗೊತ್ತಾಯಿತು. ಪಿಕಪ್ಪಿನ ಹಿಂಭಾಗ ಭಾರ ಹೊರಲು ಮಾಡಿದ್ದು, ಅದರ ಉಕ್ಕಿನ ಪಟ್ಟಿಗಳು ಬಲು ಗಟ್ಟಿ. ಖಾಲಿ ಇದ್ದರೆ ಒದೆಯುತ್ತದೆ, ಭಾರ ಬಿದ್ದರೆ ಸುಮ್ಮನಾಗುತ್ತದೆ. ಇದನ್ನು ನಾನೇ ಎಷ್ಟೋ ಗಿರಾಕಿಗಳಿಗೆ ಪಾಠ ಹೇಳಿದ್ದೇನೆ. ಆದರೆ ಈ ಗಾಡಿಯನ್ನು ಹೊಂದಿಸಿದ್ದು ತುಂಬಿದ ಕೊಪ್ಪರಿಗೆ ಹೊರಿಸಿ.

ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಏನೋ ಪರೀಕ್ಷಿಸುವವಳ ಹಾಗೆ ಗಾಡಿಯ ಕೆಳಗೆ ತೂರಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಮಲಗಿದ್ದೆ. ಅಕ್ಕನ ಚಪ್ಪಲಿಗಳು ನನ್ನ ಕಿವಿಯ ಹತ್ತಿರ ಬಂದು ನಿಂತವು.

"ಅಕ್ಕಾರ, ಅವತ್ತ ಇದ್ದದ್ದು, ಇವತ್ತ ಇಲ್ಲದ್ದು ಏನ್ರೀ?"

ಕೆಳಗಿನಿಂದಲೇ ಹೇಳಿದೆ, "ಸಾಂಬಾರು."

ಪಟ್ಟಿ ಬಿಚ್ಚಿ ಬೇರೆ ಹಾಕಲು ಎರಡು ದಿನ ಬೇಕು. ಗುಡ್ಡ ನಾಳೆ. ಸಾಹೇಬರು ಗಾಡಿಯ ಬಾನೆಟ್ಟನ್ನು ಕೊನೆಯ ಸಲ ಮುಟ್ಟುವವರ ಹಾಗೆ ಸವರುತ್ತಿದ್ದರು. ಮಿಸ್ತ್ರಿ ನನ್ನ ಕಡೆ ನೋಡಿ, "ಹಿಂದೆ ಮರಳಿನ ಚೀಲ ಹಾಕೋಣ ಅಕ್ಕಾ" ಎಂದ.

"ಉಸುಕು ತಗೊಂಡು ಗುಡ್ಡದ ಮ್ಯಾಲ ಯಾರಿಗೆ ಬಡಸ್ಲಿ?" ಎಂದರು ಅಕ್ಕ. "ಕೊಪ್ಪರಿಗಿನ ಕಟ್ರಿ. ಈ ಸಲ ಬೆಲ್ಲ ಕಡಿಮಿ ಹಾಕ್ರಿ."

ಮುಂಬೈಗೆ ಬಂದ ಮೇಲೆ ಯಾರ ಮಾತಿಗೂ ನನ್ನ ಸಾಂಬಾರು ಬದಲಿಸಿದವಳಲ್ಲ. ಅವತ್ತು ಬೆಲ್ಲದ ಡಬ್ಬಿ ಮುಟ್ಟಲೇ ಇಲ್ಲ.

೫. ಗುಡ್ಡದ ಮೇಲಿನಿಂದ ಫೋನು

ಭಾನುವಾರ ಮಧ್ಯಾಹ್ನದವರೆಗೆ ಫೋನು ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದೆ. ಫೋನು ಬಂದಾಗ ಹಿಂದೆ ಸಂತೆಯಂಥ ಗದ್ದಲ ಕೇಳಿಸುತ್ತಿತ್ತು.

"ಸೊಂಟ ಹೇಗುಂಟು ಅಕ್ಕ?"

"ಸೊಂಟ ಅದ ಅನ್ನೂದ ಮರತೇನ್ರೀ. ಉಳದ ಗಾಡಿಯವರು ತಲಿ ಹಿಡ್ಕೊಂಡು ಕೂತಾರ. ಎಲ್ಲಾ ಪರದೇಶದ ಕಿಟ್ ಹಾಕ್ಸಿದವರ. ನಾಲ್ಕು ಹುಡುಗರು ಬಂದು ನಮ್ಮ ಗಾಡಿ ಕೆಳಗ ಮಲಗಿ, ಆಂಟಿ ಯಾವ ಸಸ್ಪೆನ್ಷನ್ ಅಂತ ಹಿಂದಿಯೊಳಗ ಕೇಳಿದ್ರು. ನಾ ಮುಚ್ಚಳಾ ತಗದು ತೋರಿಸಿದೆ."

"ಏನೆಂದರು?"

"ಏನಂತಾರ, ತಾಟು ತಂದ್ರು. ಇಡೀ ಕ್ಲಬ್ ಉಂಡದ. ಕೆಳಗಿನ ಹಳ್ಳಿಯವರೂ ಬಂದು ಉಂಡ್ರು. ಕೊಪ್ಪರಿಗಿ ತಳಾ ಕಾಣಸ್ಲಿಕತ್ತದ."

ಕೊಪ್ಪರಿಗೆಯ ತಳ ಕಂಡರೆ ಗಾಡಿ ಮತ್ತೆ ಖಾಲಿ. ನನಗೆ ಹೊಳೆದದ್ದು ಅವರಿಗೆ ಆಗಲೇ ಹೊಳೆದಿತ್ತು.

"ಷರತ್ತು ತಿರುಗಿ ಮನಿ ಮುಟ್ಟೂತನಕ ಅದರೀ" ಎಂದರು ಅಕ್ಕ. "ಇವರ ಮಾರಿ ಸಣ್ಣದಾಗೇದ. ಇಳಿಯೂದು ಹ್ಯಾಂಗ? ನೀರು ತುಂಬಸೂಣಂದ್ರ ಇಲ್ಲಿ ಬಾವಿ ಇಲ್ಲ, ಕಲ್ಲು ಹೇರಿದ್ರ ಹೊಸಾ ಗಾಡಿ ಕೆರದ ಹೋಗ್ತದಂತಾರ."

ಆ ಗಾಡಿ ಇವತ್ತಿಗೂ ಬೊರಿವಲಿಯ ಗೇಟಿನಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು ಒಳಗೆ ಹೋಗಿ ಬರುತ್ತಿದೆ. ಪಟ್ಟಿ ಬದಲಿಸಿಕೊಡುತ್ತೇನೆ ಎಂದರೆ ಅಕ್ಕನೇ ಬೇಡ ಎನ್ನುತ್ತಾರೆ. ಅವತ್ತು ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ:

"ಸಾಂಬಾರು ಎಲ್ಲಿಗೂ ಹೋಗಲಿಲ್ಲ ಅಕ್ಕ, ತಿಂದವರ ಹೊಟ್ಟೆಯಲ್ಲೇ ಉಂಟು. ಅವರನ್ನೇ ಹಿಂದೆ ಕೂರಿಸಿ. ಎಲ್ಲರೂ ಬೇಡ, ಮೂರನೇ ಸಲ ಬಡಿಸಿಕೊಂಡವರು ಇಬ್ಬರು ಸಾಕು."