ಕ್ರಿಸ್‌ಮಸ್ ವಾರದಲ್ಲಿ ನನ್ನ ಆದಿತಾಳ

ಧೈರ್ಯವಂತರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಪುಕ್ಕಲರ ಬಗ್ಗೆ ಬರೆಯುವವರು ಕಡಿಮೆ. ಬರೆಯಬೇಕಾದವರು ನಾವೇ ಆದ್ದರಿಂದ, ಬರೆದರೆ ಯಾರು ಏನಂದುಕೊಳ್ಳುತ್ತಾರೋ ಎಂಬ ಭಯ ನಮ್ಮ ಕೈ ಹಿಡಿಯುತ್ತದೆ. ನಾನಂತೂ ಹುಟ್ಟಾ ಪುಕ್ಕಲ. ಏರ್‌ಪೋರ್ಟಿನಲ್ಲಿ ಅಧಿಕಾರಿಗಳು ನನ್ನ ಚಟ್ನಿಪುಡಿ ಡಬ್ಬಿಯನ್ನು ಮೂಸಿ ನೋಡುವಾಗ ಅದು ಚಟ್ನಿಪುಡಿಯೇ ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬರುತ್ತದೆ. ಫ್ರೀವೇಗೆ ಸೇರಿಕೊಳ್ಳುವಾಗ ಇಷ್ಟದೇವರನ್ನೂ ಕುಲದೇವರನ್ನೂ ಒಟ್ಟಿಗೆ ಕರೆಯುತ್ತೇನೆ, ಒಬ್ಬರಿಗೆ ಪುರಸೊತ್ತಿಲ್ಲದಿದ್ದರೆ ಇನ್ನೊಬ್ಬರಿರಲಿ ಎಂದು. ನನ್ನ ಹೆಂಡತಿ ಸುಮತಿ ಹಾಸನದ ಕಡೆಯವಳು, ಮಾತು ನೇರ. "ನಿಮ್ಗೆ ಹೆದ್ರೋಕೆ ಕಾರಣ ಬೇಡ ಕಣ್ರೀ, ಟೈಮ್ ಇದ್ರೆ ಸಾಕು" ಎನ್ನುತ್ತಾಳೆ.

ಇಂಥ ನಾನು ಹೋದ ಡಿಸೆಂಬರಿನಲ್ಲಿ ಒಂದು ವಾರ ಪೂರ್ತಿ ಜಾಝ್ ರೇಡಿಯೋದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸಿಕೊಟ್ಟೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಮೈಕಿನ ಮುಂದೆ ಕುಳಿತಿದ್ದಾಗ ನನಗೂ ಹಾಗೇ ಅನ್ನಿಸುತ್ತಿತ್ತು.

ಇದಕ್ಕೆಲ್ಲ ಮೂಲ ನನ್ನ ಮಗಳು ಚಿನ್ಮಯಿ. ಹೈಸ್ಕೂಲಿನ ಜಾಝ್ ಬ್ಯಾಂಡಿನಲ್ಲಿ ಅವಳು ಟ್ರಾಂಬೋನ್ ಊದುತ್ತಾಳೆ. ಅವಳನ್ನು ವೀಣೆ ಕ್ಲಾಸಿಗೆ ಹಾಕಿದ್ದೆವು. ಅವಳು ಹೊರಗೆ ಬರುವಾಗ ಕೈಯಲ್ಲಿ ಈ ಉದ್ದನೆಯ ಹಿತ್ತಾಳೆ ಕೊಳವೆ ಇತ್ತು. ನಡುವೆ ಏನಾಯಿತೆಂದು ನಮಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನಮ್ಮ ಬೇ ಏರಿಯಾದ ಹೇವರ್ಡಿನಲ್ಲಿ ಗೋದಾಮುಗಳ ಸಾಲಿನ ನಡುವೆ ಒಂದು ಪುಟ್ಟ ಜಾಝ್ ರೇಡಿಯೋ ಕೇಂದ್ರವಿದೆ. ಸಂಬಳವಿಲ್ಲದ ಉತ್ಸಾಹಿಗಳೇ ಅದನ್ನು ನಡೆಸುವುದು. ಶನಿವಾರಗಳಲ್ಲಿ ಬ್ಯಾಂಡಿನ ಮಕ್ಕಳು ಅಲ್ಲಿಗೆ ಹೋಗಿ ಹಳೆಯ ರೆಕಾರ್ಡುಗಳ ಧೂಳು ಒರೆಸುತ್ತಾರೆ. ನಮ್ಮ ಮನೆಯಿರುವ ಸ್ಯಾನ್ ರಮೋನಿನಿಂದ ಅವಳನ್ನು ಕರೆದುಕೊಂಡು ಹೋಗುವ ನಾನು ಮೊದಮೊದಲು ಕಾರಿನಲ್ಲೇ ಕಾಯುತ್ತಿದ್ದೆ. ಆಮೇಲೆ ಕಾಫಿಗೆಂದು ಒಳಗೆ ಕರೆದರು. ಆಮೇಲೆ ನನ್ನ ಕೈಗೂ ಒಂದು ಬಟ್ಟೆ ಕೊಟ್ಟರು.

ಡಿಸೆಂಬರಿನ ಒಂದು ಶನಿವಾರ ಕೇಂದ್ರದ ಮುಖ್ಯಸ್ಥೆ ಡೊಲೊರಿಸ್ ಎಲ್ಲರನ್ನೂ ಊಟಕ್ಕೆ ಕರೆದಿದ್ದಳು. ಊಟ ಮುಗಿದ ಮೇಲೆ, ಕ್ರಿಸ್‌ಮಸ್ ವಾರ ಎಲ್ಲರೂ ಊರಿಗೆ ಹೋಗುತ್ತಾರೆ, ಬೆಳಗಿನ ಪಾಳಿಗೆ ಯಾರಿದ್ದೀರಿ ಎಂದು ಕೇಳಿದಳು. ನನ್ನ ಕೈ ತಾನಾಗಿಯೇ ಮೇಲಕ್ಕೆ ಹೋಯಿತು. ಇದು ಇಲ್ಲಿನ ನಮ್ಮವರಿಗೆಲ್ಲ ಆಫೀಸಿನಲ್ಲಿ ಅಂಟಿದ ರೋಗ. ದೀಪಾವಳಿಗೆ ರಜೆ ಬೇಕಾದ್ದರಿಂದ, ಕ್ರಿಸ್‌ಮಸ್ ವಾರದ ಡ್ಯೂಟಿ ಎಂದೊಡನೆ ಇಡೀ ಬೇ ಏರಿಯಾದಲ್ಲಿ ಕನ್ನಡಿಗರು, ತೆಲುಗರು, ತಮಿಳರು ಒಟ್ಟಿಗೆ ಕೈ ಎತ್ತುತ್ತಾರೆ. ವರ್ಷಾನುಗಟ್ಟಲೆ ಎತ್ತಿ ಎತ್ತಿ ನನ್ನ ಕೈ ತಲೆಯನ್ನು ಕೇಳುವುದನ್ನೇ ಬಿಟ್ಟಿದೆ. ಇದು ಸರ್ವರ್ ಕಾಯುವ ಕೆಲಸವಲ್ಲ, ಮೈಕಿನಲ್ಲಿ ಮಾತಾಡುವ ಕೆಲಸ ಎಂದು ತಲೆಗೆ ತಿಳಿಯುವ ಹೊತ್ತಿಗೆ ಡೊಲೊರಿಸ್ ನನ್ನನ್ನು ಅಪ್ಪಿಕೊಂಡಾಗಿತ್ತು.

ಚಿನ್ಮಯಿಗೆ ಕಾರಿನಲ್ಲೇ ಚಿಂತೆ ಹತ್ತಿತು. ಆ ವಾರದ ಕೊನೆಯ ದಿನ ಅವಳ ಬ್ಯಾಂಡಿನ ರೆಕಾರ್ಡಿಂಗು ಪ್ರಸಾರವಾಗುವುದಿತ್ತು. ಅದರಲ್ಲಿ ಅವಳೊಬ್ಬಳೇ ಊದುವ ಭಾಗವೊಂದಿತ್ತು. ತಿಂಗಳುಗಟ್ಟಲೆ ಗರಾಜಿನಲ್ಲಿ ಬಾಗಿಲು ಹಾಕಿಕೊಂಡು ಅದನ್ನೇ ಅಭ್ಯಾಸ ಮಾಡಿದ್ದಳು. ಕೊನೆಯಲ್ಲಿ ಒಂದು ಎತ್ತರದ ಸ್ವರ ಬರುತ್ತದೆ. ಅದು ಒಂದು ದಿನ ಸಿಕ್ಕರೆ ನಾಲ್ಕು ದಿನ ಸಿಕ್ಕುತ್ತಿರಲಿಲ್ಲ. ಸಿಕ್ಕದ ದಿನ ಅವಳು ಊಟ ಬಿಡುತ್ತಿದ್ದಳು. ಬ್ಯಾಂಡಿನವರು, ಟೀಚರು, ಅವರ ಅಜ್ಜ ಅಜ್ಜಿಯರು, ಎಲ್ಲರೂ ರೇಡಿಯೋ ಹಾಕಿಕೊಂಡು ಕೂರುವವರಿದ್ದರು.

ಮನೆ ತಲುಪುವ ಮುಂಚೆಯೇ ಷರತ್ತು ಹಾಕಿದಳು. "ಅಪ್ಪಾ, ಐಯಾಮ್ ಯುವರ್ ಡಾಟರ್ ಅಂತ ಹೇಳ್ಬೇಡ. ಓಕೆ?"

"ಹೇಳಲ್ಲ."

"ಅಂಡ್ ಡೋಂಟ್ ಟಾಕ್ ಓವರ್ ಇಟ್. ಜಸ್ಟ್ ಪ್ಲೇ ಇಟ್. ಪ್ಲೀಸ್."

"ಒಂದಕ್ಷರ ಮಾತಾಡಲ್ಲಮ್ಮಾ, ನಿನ್ನಾಣೆ" ಎಂದೆ. ಅವಳಿಗೆ ನೆಮ್ಮದಿಯಾದಂತೆ ಕಾಣಲಿಲ್ಲ.

ಡೊಲೊರಿಸ್ ತನ್ನ ತಂಗಿಯ ಊರಿಗೆ ವಿಮಾನ ಹತ್ತುವ ಮುಂಚೆ ನನಗೆ ತರಬೇತಿ ಕೊಟ್ಟಳು. ಹಾಡು ಹಾಕುವುದು, ಹಾಡಿನ ನಡುವೆ ಕಲಾವಿದರ ಹೆಸರು ಹೇಳುವುದು, ಅಷ್ಟೇ. ಮಾತಾಡುವಾಗ ಮೈಕಿನ ಹಿಡಿಯನ್ನು ಮೇಲಕ್ಕೆ ತಳ್ಳು, ಮುಗಿದ ಮೇಲೆ ಕೆಳಕ್ಕೆ ಎಳೆ. ರೇಡಿಯೋದಲ್ಲಿ ಮಹಾಪಾಪ ಒಂದೇ, ಮೌನ. ಹಾಡು ನಿಂತು ಏನೂ ಕೇಳಿಸದಿದ್ದರೆ ಜನ ಬೇರೆ ಕೇಂದ್ರಕ್ಕೆ ತಿರುಗಿಸಿಬಿಡುತ್ತಾರೆ ಎಂದು ಹೆದರಿಸಿ ಹೋದಳು. ಹೆದರಿಸಿದ್ದು ಯಾರನ್ನು ಎಂದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಮೊದಲ ದಿನ ಕತ್ತಲಿರುವಾಗಲೇ ಎದ್ದು ಹೊರಟೆ. ಧನುರ್ಮಾಸದ ಪೂಜೆಗೆ ಎದ್ದಿದ್ದ ಸುಮತಿ ಒಂದು ಡಬ್ಬಿ ಹುಗ್ಗಿ, ಒಂದು ಪೊಟ್ಟಣ ಕೋಡುಬಳೆ ಕೊಟ್ಟಳು. ಸ್ಟುಡಿಯೋದಲ್ಲಿ ಒಬ್ಬನೇ ಕುಳಿತು ರಾಯರ ಸ್ತೋತ್ರ ಹೇಳಿಕೊಂಡೆ. ಅರ್ಧಂಬರ್ಧ ಉಸಿರಿನಲ್ಲಿ ಶುಭೋದಯ ಹೇಳಿ, ಹಾಡು ಹಾಕಿ, ಮೈಕಿನ ಹಿಡಿಗೆ ಕೈಯಿಟ್ಟೆ. ಆಗ ಯೋಚನೆ ಬಂತು. ಪೂರ್ತಿ ಕೆಳಕ್ಕೆ ಎಳೆದು, ಅಷ್ಟರಲ್ಲಿ ಹಾಡು ಥಟ್ಟನೆ ನಿಂತುಹೋದರೆ? ನಾನು ಹಿಡಿ ಹುಡುಕುವಷ್ಟರಲ್ಲಿ ಆ ಮಹಾಪಾಪ ನಡೆದುಹೋದರೆ? ಆದ್ದರಿಂದ ಪೂರ್ತಿ ಎಳೆಯಲಿಲ್ಲ. ಹಾಲಿನ ಪಾತ್ರೆಯ ಕೆಳಗೆ ಒಲೆಯನ್ನು ಸಿಮ್‌ನಲ್ಲಿಡುತ್ತೇವಲ್ಲ, ಹಾಗೆ ಮೈಕನ್ನು ಸಿಮ್‌ನಲ್ಲಿಟ್ಟೆ. ಎಂಥ ಮುಂದಾಲೋಚನೆ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ರಜೆಯ ವಾರವಾದ್ದರಿಂದ ಹಾಕಬೇಕಾದ್ದೆಲ್ಲ ಕ್ರಿಸ್‌ಮಸ್ ಜಾಝ್. ಕಪಾಟಿನಲ್ಲಿ ಹಿಮದ ಚಿತ್ರವಿದ್ದ ಡಿಸ್ಕುಗಳ ದೊಡ್ಡ ರಾಶಿಯೇ ಇತ್ತು. ಆದರೆ ಯಾವುದನ್ನು ತೆಗೆದರೂ ಅದೇ ಏಳೆಂಟು ಹಾಡು. ಒಬ್ಬ ಪಿಯಾನೋದಲ್ಲಿ ನುಡಿಸಿದ್ದನ್ನೇ ಇನ್ನೊಬ್ಬ ಸ್ಯಾಕ್ಸೋಫೋನಿನಲ್ಲಿ ನುಡಿಸಿದ್ದಾನೆ, ಅದನ್ನೇ ಒಬ್ಬಾಕೆ ನಿದ್ದೆಗಣ್ಣಿನಲ್ಲಿ ಹಾಡಿದ್ದಾಳೆ. ಬೇರೆಯವರಾಗಿದ್ದರೆ ಬೇಜಾರಾಗುತ್ತಿದ್ದರೇನೋ. ನನಗೆ ಮಾತ್ರ ಅಲ್ಲೇ ಮೊದಲ ಬಾರಿಗೆ ಜೀವ ಬಂತು. ಬೆಂಗಳೂರಿನ ರಾಮನವಮಿ ಕಚೇರಿಗಳಲ್ಲಿ ಬೆಳೆದವನು ನಾನು. ಸೋಮವಾರ ಒಬ್ಬರು ಹಾಡಿದ ಕೀರ್ತನೆಯನ್ನೇ ಮಂಗಳವಾರ ಇನ್ನೊಬ್ಬರು ಹಾಡಿದರೆ ನಮಗೆ ಅದೇ ಮಜ. ಪೆಂಡಾಲಿನಲ್ಲಿ ಕುಳಿತು ಕೋಸಂಬರಿ ತಿನ್ನುತ್ತ, ಪಲ್ಲವಿಯನ್ನು ಯಾರು ಹೇಗೆ ಎತ್ತಿಕೊಂಡರು ಎಂದು ತೂಗುತ್ತಿದ್ದೆವು. ಹಾಗಾಗಿ ನಾನು ಒಂದೇ ಹಾಡನ್ನು ಆರು ಜನರ ಕೈಯಲ್ಲಿ ಸಾಲಾಗಿ ಕೇಳಿಸಿದೆ. ಭಯ ಸ್ವಲ್ಪ ಇಳಿಯಿತು. ಭಯ ಇಳಿದದ್ದೇ ತಡ, ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಒಳ್ಳೆಯ ಕಡೆ ಬಾಯಿ "ಭೇಷ್" ಎಂದಿತು. ಭೇಷ್ ಎನ್ನದೆ ಸಂಗೀತ ಕೇಳುವುದು ನಮ್ಮ ಮನೆತನದಲ್ಲೇ ಇಲ್ಲ.

ಆಗ ಫೋನಿನ ದೀಪ ಮಿಣುಕತೊಡಗಿತು. ಸ್ಟುಡಿಯೋದ ಫೋನಿಗೆ ಗಂಟೆಯಿಲ್ಲ, ಕೆಂಪು ದೀಪವೊಂದೇ. ಕೇಳುಗರು ಕರೆ ಮಾಡುತ್ತಿದ್ದಾರೆ ಎಂದರೆ ಬೈಯುವುದಕ್ಕೇ ಎಂದು ನನಗೆ ಖಾತ್ರಿಯಾಯಿತು. ಹೊಗಳಲು ಯಾರು ಫೋನು ಮಾಡುತ್ತಾರೆ? ಎತ್ತಲಿಲ್ಲ. ಎರಡನೆಯ ದಿನ ಇನ್ನೂ ಜಾಸ್ತಿ ಮಿಣುಕಿತು. ಆ ಕೆಂಪು ಕಣ್ಣು ನನ್ನನ್ನೇ ನೋಡುತ್ತಿರುವಂತಾಗಿ, ತಲೆಯ ಮೇಲಿದ್ದ ಮಂಕಿ ಕ್ಯಾಪನ್ನು ತೆಗೆದು ಫೋನಿಗೆ ತೊಡಿಸಿದೆ. ಎಲ್ಲಿ ನನ್ನ ಮೊಬೈಲು ಹಾಡಿನ ನಡುವೆ ಬಡಿದುಕೊಳ್ಳುತ್ತದೋ ಎಂದು ಅದನ್ನು ಕಾರಿನಲ್ಲೇ ಬಿಟ್ಟು ಬರುತ್ತಿದ್ದೆ. ಪಾಳಿ ಮುಗಿದ ಮೇಲೆ ಕಂಪ್ಯೂಟರು ತಾನೇ ಹಾಡು ಹಾಕಿಕೊಳ್ಳುತ್ತಿತ್ತು. ಹೀಗಾಗಿ ಆ ವಾರ ನನಗೆ ಯಾರೂ ಏನೂ ಹೇಳುವ ಹಾಗಿರಲಿಲ್ಲ.

"ರೇಡಿಯೋ ಕೇಳಿದ್ಯಾ?" ಎಂದು ಸುಮತಿಯನ್ನು ಕೇಳಿದೆ.

"ಪೂಜೆ ಮಾಡ್ತಾ ಹಾಕ್ಕೊಂಡಿದ್ದೆ. ಚೆನ್ನಾಗಿತ್ತು. ಎಲ್ಲಾ ಹಾಡಲ್ಲೂ ಅದೇನೋ ಮೃದಂಗದ ಥರ ಟಪ್ ಟಪ್ ಬರ್ತಿತ್ತಲ್ಲ, ಅದೇ ಒಂದು ನಂಗ್ ಹಿಡಿಸ್ತು" ಎಂದಳು. ಜಾಝಿನಲ್ಲಿ ಏನೇನೋ ವಾದ್ಯ ಇರುತ್ತದೆ ಎಂದು ವಿವರಿಸಿದೆ. ರಜೆಯಾದ್ದರಿಂದ ಚಿನ್ಮಯಿ ಮಧ್ಯಾಹ್ನಕ್ಕೆ ಮುಂಚೆ ಏಳುತ್ತಿರಲಿಲ್ಲ.

ಕೊನೆಯ ದಿನ ಬಂತು. ಅವಳು ಅಲಾರಾಂ ಇಟ್ಟು ಎದ್ದು, ನಾನು ಹೊರಡುವಾಗ ಅಡುಗೆಮನೆಯ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದಳು. ದಾರಿಯುದ್ದಕ್ಕೂ ಬ್ಯಾಂಡಿನ ಹೆಸರನ್ನು ಗಟ್ಟಿಯಾಗಿ ಹೇಳಿ ಹೇಳಿ ಅಭ್ಯಾಸ ಮಾಡಿದೆ. ಕೊಟ್ಟ ಮಾತಿನಂತೆ ಬ್ಯಾಂಡಿನ ಹೆಸರಷ್ಟನ್ನೇ ಹೇಳಿ, ರೆಕಾರ್ಡಿಂಗು ಹಾಕಿ, ಹಿಡಿಯನ್ನು ಎಂದಿನಂತೆ ಸಿಮ್‌ಗೆ ತಂದು, ತುಟಿ ಹೊಲಿದುಕೊಂಡು ಕುಳಿತೆ. ಮಕ್ಕಳು ಚೆನ್ನಾಗಿಯೇ ನುಡಿಸಿದರು. ನನ್ನ ಕೈ ಸುಮ್ಮನಿರಲಿಲ್ಲ. ಕ್ಯಾಪಿನ ಅಂಚಿನಿಂದ ಕೆಂಪು ಬೆಳಕು ಬಿಡುವಿಲ್ಲದೆ ಸೋರುತ್ತಿತ್ತು. ನಾನು ತಿರುಗಿಯೂ ನೋಡಲಿಲ್ಲ. ಚಿನ್ಮಯಿಯ ಟ್ರಾಂಬೋನ್ ಎದ್ದಿತು. ಗರಾಜಿನ ಬಾಗಿಲಾಚೆ ಇಷ್ಟು ದಿನ ಗೂಳಿಯಂತೆ ಗುಟುರು ಹಾಕುತ್ತಿದ್ದ ಆ ಕೊಳವೆ ಇದೇನಾ ಎನ್ನಿಸಿತು. ತುಟಿಯ ಹೊಲಿಗೆ ಬಿಚ್ಚಿ "ಭೇಷ್ ಮಗಳೇ" ಎಂದೆ. ಒಬ್ಬನೇ ಇದ್ದೇನಲ್ಲ ಎಂಬ ಧೈರ್ಯ. ಆ ಎತ್ತರದ ಸ್ವರ ಹತ್ತಿರ ಬಂತು. ರೆಕಾರ್ಡಾಗಿ ಮುಗಿದಿರುವ ಸ್ವರ ಇನ್ನು ತಪ್ಪುವುದು ಹೇಗೆ ಎಂದು ನೀವು ಕೇಳಬಹುದು. ಅದು ಬುದ್ಧಿಯವರ ಮಾತು. ನಾನು ತಾಳ ನಿಲ್ಲಿಸಿ, ಉಸಿರು ಬಿಗಿಹಿಡಿದು ಕುಳಿತೆ. ಸ್ವರ ಸಿಕ್ಕಿತು. ನಾನು ಗೊಳೋ ಎಂದು ಅತ್ತುಬಿಟ್ಟೆ.

ಬಾಗಿಲು ತೆರೆಯಿತು. ಏರ್‌ಪೋರ್ಟಿನಿಂದ ನೇರ ಬಂದಿದ್ದ ಡೊಲೊರಿಸ್ ಸೂಟ್‌ಕೇಸು ಕೆಳಗಿಟ್ಟು, ನನ್ನ ಪಕ್ಕ ಬಂದು, ಒಂದು ಬೆರಳಿನಿಂದ ಮೈಕಿನ ಹಿಡಿಯನ್ನು ಪೂರ್ತಿ ಕೆಳಗೆಳೆದಳು. ಆಮೇಲೆ ಫೋನಿನ ಕ್ಯಾಪು ತೆಗೆದಳು. ಕಾರಿನಲ್ಲಿ ರೇಡಿಯೋ ಕೇಳುತ್ತ ಬಂದಿದ್ದಳಂತೆ.

"ವಾರ ಪೂರ್ತಿ ಹೀಗೇ ಇತ್ತಾ?" ಎಂದು ಮೆಲ್ಲಗೆ ಕೇಳಿದಳು.

ಹೀಗೇ ಇತ್ತು. ನನ್ನ ತಾಳ, ನನ್ನ ಭೇಷ್, ಕೋಡುಬಳೆ ಕಡಿಯುವ ಸದ್ದು, ಭಯವಾದಾಗಲೆಲ್ಲ ಹೇಳಿಕೊಂಡ ರಾಯರ ಸ್ತೋತ್ರ, ಎಲ್ಲವೂ ಬೇ ಏರಿಯಾದ ಮನೆಮನೆಗೆ ಹೋಗಿತ್ತು. ಕೇಳುಗರು ಬಿಟ್ಟಿದ್ದ ಸಂದೇಶಗಳನ್ನು ಅವಳು ಹಾಕಿ ಕೇಳಿಸಿದಳು. ಹೆಚ್ಚಿನವರ ದೂರು ಸದ್ದಿನ ಬಗ್ಗೆಯೇ ಅಲ್ಲ. ಜಾಝಿಗೆ ಕೈ ತಟ್ಟುವವರು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ತಟ್ಟಬೇಕಂತೆ. ನಾನು ನಮ್ಮ ಪದ್ಧತಿಯಂತೆ ಮೊದಲ ಎಣಿಕೆಗೇ ಸಮ ಹಿಡಿದು ಪಟ್ಟಾಗಿ ಬಾರಿಸಿದ್ದೆ. "ಆ ಹೊಸ ಡ್ರಮ್ಮರ್‌ಗೆ ಯಾರಾದರೂ ಹೇಳಿ, ನಮ್ಮ ಹಬ್ಬ ಹಾಳಾಗುತ್ತಿದೆ" ಎಂದು ಒಬ್ಬ ಮುದುಕ ದಿನಾ ಬೇಡಿಕೊಂಡಿದ್ದ. ಕೊನೆಯ ಸಂದೇಶಗಳೆಲ್ಲ ಒಂದೇ ದನಿಯಲ್ಲಿದ್ದವು. "ಅಪ್ಪಾ, ಮೈಕ್. ಅಪ್ಪಾ, ದಿ ಮೈಕ್ ಈಸ್ ಆನ್. ಅಪ್ಪಾ, ಪ್ಲೀಸ್!"

ಮನೆಗೆ ಹೋಗಲು ನನಗೆ ಎಷ್ಟು ಭಯವಾಯಿತೆಂದರೆ, ಫ್ರೀವೇ ಎಂದಿಗೂ ಮುಗಿಯದಿರಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ. ಚಿನ್ಮಯಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. "ನಗ್ತಿದ್ಳೋ ಅಳ್ತಿದ್ಳೋ ನಂಗಂತೂ ಗೊತ್ತಾಗ್ಲಿಲ್ಲ. ಈಗ ಹೋಗ್ಬೇಡಿ" ಎಂದಳು ಸುಮತಿ. ಬಾಗಿಲಾಚೆಯಿಂದ ಕ್ಷಮೆ ಕೇಳಿದೆ. ಆಮೇಲೂ ಹಲವು ದಿನ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಮೌನಕ್ಕೆ ಅಷ್ಟೊಂದು ಹೆದರಿದವನಿಗೆ ಅದು ಮನೆಯಲ್ಲೇ ಸಿಕ್ಕಿತು, ಮತ್ತು ಅದನ್ನು ತುಂಬಲು ನನ್ನ ಬಳಿ ಯಾವ ಡಿಸ್ಕೂ ಇರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಲಿವರ್‌ಮೋರಿನ ದೇವಸ್ಥಾನಕ್ಕೆ ಹೊರಟಾಗ ಅವಳು, "ನಾನು ಡ್ರೈವ್ ಮಾಡ್ತೀನಿ" ಎಂದಳು. ಕಲಿಯುವವರ ಪರ್ಮಿಟ್ಟು ಆಗಷ್ಟೇ ಸಿಕ್ಕಿತ್ತು. ನಾನು ಪಕ್ಕದಲ್ಲಿ ಬಾಗಿಲಿನ ಹಿಡಿಯನ್ನು ಅಪ್ಪಿಕೊಂಡು ಕುಳಿತೆ. ಸುಮತಿ ಹಿಂದೆ ಕುಳಿತಳು. ಸ್ವಲ್ಪ ದೂರ ಹೋದ ಮೇಲೆ ಚಿನ್ಮಯಿ ಅಮ್ಮನಿಗೆ ಹೇಳಿ ತನ್ನ ಫೋನಿನಿಂದ ಕಾರಿನ ಸ್ಪೀಕರಿನಲ್ಲಿ ಏನೋ ಹಾಕಿಸಿದಳು. ಅವಳ ಬ್ಯಾಂಡು. ಜೊತೆಗೆ ಟಪ್, ಟಪ್. ಶಾಲೆಯ ಶುದ್ಧ ರೆಕಾರ್ಡಿಂಗು ಅವಳ ಹತ್ತಿರ ಇದ್ದೇ ಇತ್ತು. ಇದು ರೇಡಿಯೋದಲ್ಲಿ ಹೋದದ್ದು, ಡೊಲೊರಿಸ್ ಹತ್ತಿರ ಕೇಳಿ ತರಿಸಿಕೊಂಡಿದ್ದಳು. ಎತ್ತರದ ಸ್ವರದ ಹತ್ತಿರ ಬಂದಾಗ ಟಪ್ ಟಪ್ ನಿಂತಿತು. ಟ್ರಾಂಬೋನ್ ಒಂದೇ ಉಳಿಯಿತು.

"ಹಿಯರ್. ಇಲ್ಲಿ ಯಾಕೆ ನಿಲ್ಸಿದೆ?" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಭಯ ಆಯ್ತಮ್ಮ. ನಿಂಗೆ ಸಿಗುತ್ತೋ ಇಲ್ವೋ ಅಂತ."

"ಅಪ್ಪಾ, ಇಟ್ ವಾಸ್ ರೆಕಾರ್ಡೆಡ್."

"ಹೌದು."

ಅವಳು ಇಂಡಿಕೇಟರ್ ಹಾಕಿ ಲೇನು ಬದಲಾಯಿಸಿದಳು. "ಇದೊಂದೇ ಕಡೆ ಯು ವರ್ ಇನ್ ಟೈಮ್" ಎಂದಳು. ಆಮೇಲೆ ಅದೇ ಜಾಗವನ್ನು ಮತ್ತೆ ಹಾಕಿಸಿದಳು.

ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡೆ. ಪಕ್ಕದಲ್ಲೇ ದೊಡ್ಡ ಟ್ರಕ್ಕೊಂದು ಹಾದುಹೋಯಿತು, ಅವಳು ಸ್ಟೀರಿಂಗನ್ನು ಒಂದೇ ಕೈಯಲ್ಲಿ ಹಿಡಿದಿದ್ದಳು, ಸ್ವರ ಮೇಲೇರುತ್ತಿತ್ತು. ನಾನು ಹೆದರಿಕೊಂಡೇ ಇದ್ದೆ. ನನಗೆ ಸರಿಯಾಗಿ ಬರುವ ತಾಳ ಅದೊಂದೇ ಎಂದು ಗೊತ್ತಾದ ಮೇಲೆ ಬಿಡಲು ಮನಸ್ಸಾಗಲಿಲ್ಲ.